ಪರ್ಮನೆಂಟ್ ಅಕ್ಕನ ಲೆಕ್ಕ ತಪ್ಪಿದ ದಿನ

ನಮ್ಮ ರಾಜ್ಯಶಾಸ್ತ್ರ ವಿಭಾಗದಲ್ಲಿ ಅರ್ಧಕ್ಕರ್ಧ ಅಧ್ಯಾಪಕರು ಗುತ್ತಿಗೆಯವರು. ವರ್ಷ ವರ್ಷ ಬದಲಾಗುವ ಅವರ ನಡುವೆ ಎಂಟು ವರ್ಷದಿಂದ ಅಲ್ಲಾಡದೆ ಕುಳಿತವರೆಂದರೆ ನನ್ನ ಪಿಎಚ್.ಡಿ. ವಿದ್ಯಾರ್ಥಿನಿ ಒಬ್ಬರೇ. ಅದಕ್ಕೇ ಅವರಿಗೆ ‘ಪರ್ಮನೆಂಟ್ ಅಕ್ಕ’ ಎಂದು ಹೆಸರು ಬಿದ್ದಿತ್ತು. ನಾನು ಮಾರ್ಗದರ್ಶಕಿಯಾದರೂ ವಯಸ್ಸಿನಲ್ಲಿ ಆರು ವರ್ಷ ಚಿಕ್ಕವಳು. ನನಗೂ ಅವರು ಅಕ್ಕನೇ.

ಪುರಸಭೆಯ ಸಭೆಗಳಲ್ಲಿ ಹೆಂಗಸರು ಎಷ್ಟು ಹೊತ್ತು ಮಾತಾಡುತ್ತಾರೆ ಎಂಬುದು ಅಕ್ಕನ ವಿಷಯ. ಮಗಳನ್ನು ಶಾಲೆಗೆ ಬಿಟ್ಟು ಬಂದು, ಸಭಾಂಗಣದ ಹಿಂದಿನ ಬೆಂಚಿನಲ್ಲಿ ಕೈಗಡಿಯಾರ ಬಿಚ್ಚಿಟ್ಟುಕೊಂಡು ಕೂರುವುದು; ಯಾರು ಎದ್ದರು, ಯಾರು ಅವರ ಮಾತು ತುಂಡರಿಸಿದರು, ಎಲ್ಲ ಬರೆದುಕೊಳ್ಳುವುದು. ಐದು ವರ್ಷ ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಮೊದಲ ವರ್ಷ ಹೆಂಗಸರ ಪಾಲು ಸಭೆಗೆ ಮೂರು ನಿಮಿಷ. ಐದನೇ ವರ್ಷ ಇಪ್ಪತ್ತೆರಡು. ‘ಅನುಭವ ಬಂದಂತೆ ಧೈರ್ಯವೂ ಬಂತು’ ಎಂದು ಅಕ್ಕ ತೀರ್ಮಾನ ಬರೆದರು. ನಾನೂ ಭೇಷ್ ಎಂದು ಸಹಿ ಹಾಕಿದೆ.

ನೋಂದಣಿಯ ಅವಧಿ ಮುಗಿಯಲು ಹತ್ತು ದಿನವಿದ್ದಾಗ ಮೌಖಿಕ ಪರೀಕ್ಷೆ. ಅಲ್ಲಿ ಎಡವಿದರೆ ಎಂಟು ವರ್ಷದ ದುಡಿಮೆ ನೀರುಪಾಲು. ಈ ಪರೀಕ್ಷೆಗೆ ಯಾರು ಬೇಕಾದರೂ ಬಂದು ಪ್ರಶ್ನೆ ಕೇಳಬಹುದು. ಯಾರೂ ಬರುವುದಿಲ್ಲ, ಅದು ಬೇರೆ ಮಾತು. ಅಂದು ಮಾತ್ರ ಅಕ್ಕನ ಮೇಲಿನ ಪ್ರೀತಿಗೆ ಪುರಸಭೆಯ ಏಳು ಸದಸ್ಯೆಯರು ಬಂದು ಮುಂದಿನ ಸಾಲಿನಲ್ಲೇ ಕುಳಿತರು.

ಅಕ್ಕ ತೀರ್ಮಾನ ಓದಿದ್ದೇ ತಡ, ಅವರಲ್ಲಿ ಹಿರಿಯಾಕೆ ಎದ್ದರು.

“ಧೈರ್ಯ ಗೀರ್ಯ ಏನೂ ಇಲ್ಲಮ್ಮ. ನೀನು ಹಿಂದೆ ಕೂತು ಬರ್ಕೋತಿದ್ದೆ ನೋಡು, ಅಧ್ಯಕ್ಷರಿಗೆ ನಮ್ಮ ಬಾಯಿ ಮುಚ್ಸೋಕೆ ಭಯ. ನೀನು ಬರದೇ ಇರೋ ಉಪಸಮಿತೀಲಿ ನಮ್ಮನ್ನ ಈಗ್ಲೂ ತುಟಿ ಬಿಚ್ಚೋಕೆ ಬಿಡಲ್ಲ.”

ಅಳೆಯಲು ಹೋದ ಅಕ್ಕನೇ ಅಳತೆಯನ್ನು ಬದಲಿಸಿಬಿಟ್ಟಿದ್ದರು, ಮಾರ್ಗದರ್ಶಕಿ ಎನಿಸಿಕೊಂಡ ನನಗೂ ಅದು ಹೊಳೆದಿರಲಿಲ್ಲ! ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದು ಅಕ್ಕನನ್ನು ನೋಡಿದರು.

“ಏನಂತೀರಿ?”

ಏನಾದರೊಂದು ಹೇಳಿ ತಪ್ಪಿಸಿಕೊಳ್ಳಲಿ ದೇವರೇ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅಕ್ಕ ಬೆವರು ಒರೆಸಿಕೊಂಡರು.

“ಅವರು ಹೇಳಿದ್ದೇ ಸರಿ ಸರ್. ನನ್ನ ತೀರ್ಮಾನ ತಪ್ಪು. ನಿಮಿಷಗಳು ಮಾತ್ರ ನಿಜ.”

ಪರೀಕ್ಷಕರು ಮೇಜು ತಟ್ಟಿ ನಕ್ಕರು. “ಮೂವತ್ತು ವರ್ಷದಲ್ಲಿ ನಾನು ಪಾಸು ಮಾಡಿದ ಒಂದು ಪ್ರಬಂಧಾನೂ ಯಾರ ಬಾಯಿಗೂ ಮಾತು ತಂದುಕೊಟ್ಟಿರ್ಲಿಲ್ಲ. ಇದನ್ನೇ ಬರೆದು, ಆ ಅಧ್ಯಾಯ ತಿದ್ದಿ ವಾರದೊಳಗೆ ಕೊಡಿ, ಡಾಕ್ಟರೇ.”

ನನಗೆ ಅಲ್ಲೇ ಕುಣಿಯಬೇಕೆನಿಸುವಷ್ಟು ಸಂತೋಷವಾಯಿತು. ಹಿರಿಯಾಕೆಯ ಮುಖದಲ್ಲಿ ಮಾತ್ರ ಆತಂಕ.

“ಅಯ್ಯೋ, ನಿನ್ನ ಓದು ಮುಗೀತಾ? ಇನ್ಮೇಲೆ ಸಭೆಗೆ ಬರಲ್ವಾ?”

ಅಕ್ಕ ಅವರ ಕೈ ಹಿಡಿದುಕೊಂಡರು.

“ಉಪಸಮಿತಿ ಯಾವತ್ತು?”