ಕೊಳವೆಗೆ ಕಿವಿಗೊಡುವ ಸಾಯಬಣ್ಣ

ಬೆಳಗಿನ ಐದೂವರೆ. ಜೋಗೇಶ್ವರಿಯ ಸಣ್ಣ ಕಾರ್ಖಾನೆಗಳ ಗಲ್ಲಿಯಲ್ಲಿ ಒಂದೇ ಒಂದು ಶಟರ್ ಮೇಲೆದ್ದಿದೆ. ಒಳಗೆ ಸಾಯಬಣ್ಣ ಎದೆಯೆತ್ತರದ ಉಕ್ಕಿನ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಎಣ್ಣೆ ಕಲಸಿದ ಮರಳನ್ನು ಒಂದು ಬೊಗಸೆ ಸುರಿಯುತ್ತಾರೆ. ಮರದ ಕೋಲಿನಿಂದ ನಲವತ್ತು ಸಲ ಕುಟ್ಟುತ್ತಾರೆ. ಆಮೇಲೆ ಬೆರಳ ಗೆಣ್ಣಿನಿಂದ ಕೊಳವೆಯನ್ನು ತಟ್ಟಿ ಕಿವಿ ಹಚ್ಚುತ್ತಾರೆ. ಇಷ್ಟು ಬೇಗ ಬರುವುದೇ ಇದಕ್ಕಾಗಿ. ಎಂಟಕ್ಕೆ ಪಕ್ಕದ ಲೇತ್ ಮಷೀನು ಶುರುವಾದರೆ ಏನೂ ಕೇಳಿಸದು.

“ಎಲ್ಲಿ ಪೊಳ್ಳು ಉಳಿದದ, ಅಲ್ಲಿ ಸಪ್ಪಳ ಬ್ಯಾರೆ ಬರ್ತದ್ರಿ. ಉಗಿ ಭಾಳ ಶಾಣ್ಯಾ. ಆ ಪೊಳ್ಳು ಹಿಡದು ಓಡಿಹೋಗ್ತದ. ಎಣ್ಣಿ ಕುಂತಲ್ಲೇ ಕುಂತಿರ್ತದ.”

ನೆಲದಾಳದ ಕೆಲವು ಕಚ್ಚಾತೈಲ ಕಾಕಂಬಿಗಿಂತ ಮಂದ. ಪಂಪು ಎಳೆದರೂ ಮೇಲೇಳದು. ಬಿಸಿ ಉಗಿಯೊಂದಿಗೆ ಲೋಹದ ನುಣ್ಣನೆಯ ಪುಡಿಯನ್ನೂ ಕೆಳಗೆ ಕಳಿಸಿದರೆ, ತೈಲ ನೆಲದೊಳಗೇ ಒಡೆದು ತೆಳುವಾಗಿ ಹರಿಯುತ್ತದೆ. ಆ ಪುಡಿಗೆ ವೇಗವರ್ಧಕ ಎಂದು ಹೆಸರು. ಯಾವ ಪುಡಿ ಸರಿ ಎಂದು ಹುಡುಕುವ ಈ ಖಾಸಗಿ ಪ್ರಯೋಗಾಲಯಕ್ಕೆ ಮೊದಲು ಬೇಕಾದದ್ದು ಕೊಳವೆಯೊಳಗೆ ತೈಲದ ನೆಲದಂಥದ್ದೇ ಒಂದು ನೆಲ. ಹನ್ನೊಂದು ವರ್ಷಗಳಿಂದ ಆ ನೆಲವನ್ನು ಕಟ್ಟುತ್ತಿರುವುದು ಸಾಯಬಣ್ಣನವರ ಕೈ.

ಊರು ಯಾದಗಿರಿ ಕಡೆಯದು. ಮುಂಬೈಗೆ ಬಂದ ಹೊಸದರಲ್ಲಿ ಪರೇಲಿನಲ್ಲಿ ಮಿಲ್ಲು ಕೆಡವಿದ ಜಾಗದಲ್ಲಿ ಏಳುತ್ತಿದ್ದ ಟವರುಗಳಿಗೆ ಮರಳು ಸಾಣಿಸಿದವರು. ಈಗಲೂ ಮರಳೇ. ಒಂದು ಕೊಳವೆಗೆ ಆರು ಕಿಲೋ. ತೊಳೆದು, ಒಣಗಿಸಿ, ಸಾಣಿಸಿ ತುಂಬಲು ಎರಡು ದಿನ. ಉಗಿ ಹಾಯಿಸಲು ಮೂರು ದಿನ. ಕೊನೆಗೆ ಸಿಗುವ ಎಣ್ಣೆ ಒಂದು ಲೋಟ. ಕೆಲಸ ಗುತ್ತಿಗೆಯದು, ಪ್ರಾಜೆಕ್ಟ್ ಇರುವಷ್ಟು ದಿನ. ಕೈಯ ಚರ್ಮ ಸುಲಿದಿದೆ. ಮಲಾಡಿನ ಚಾಳಿನಲ್ಲಿ ಹೆಂಡತಿ ಮಹಾದೇವಿ ಅವರ ಅಂಗಿಯನ್ನು ಬೇರೆ ಬಕೆಟ್ಟಿನಲ್ಲೇ ನೆನೆಹಾಕುತ್ತಾರೆ. “ಲ್ಯಾಬ್‌ನ್ಯಾಗ ಅದಾರಂತ ಊರಾಗ ಹೇಳೀನಿ. ವಾಸನಿ ನೋಡಿದ್ರ ಡಾಂಬರ್ ರೋಡಿಗಿ ಹೋಗಿ ಬಂದಂಗ!” ಎಂದು ನಗುತ್ತಾರೆ.

ಹೋದ ತಿಂಗಳು ನಡೆದದ್ದನ್ನು ಹೇಳುವಾಗ ಮಾತ್ರ ಸಾಯಬಣ್ಣ ನಿಧಾನವಾಗುತ್ತಾರೆ. ಪ್ರಾಜೆಕ್ಟಿನ ಅವಧಿ ಮುಗಿಯುತ್ತಿತ್ತು. ಹಣ ಕೊಡುವ ಕಂಪನಿಯವರು ಫಲಿತಾಂಶ ಕೇಳಿದ್ದರು; ಚೆನ್ನಾಗಿದ್ದರೆ ಇನ್ನೆರಡು ವರ್ಷ, ಇಲ್ಲವಾದರೆ ಬಾಗಿಲು ಬಂದ್. ಕೊನೆಯ ಪ್ರಯೋಗದ ಎಣ್ಣೆ ಶೇಂಗಾ ಎಣ್ಣೆಯಂತೆ ಹರಿಯಿತು. ಪುಡಿ ಹಾಕದ ಎಣ್ಣೆಯ ಮಂದತನದಲ್ಲಿ ಹತ್ತರಲ್ಲೊಂದು ಪಾಲು! ವಿಜ್ಞಾನಿ ನಮಿತಾ, ಮುಂಬೈಯಲ್ಲೇ ಬೆಳೆದ ಉಡುಪಿ ಕಡೆಯ ಹುಡುಗಿ, ಬಾಟಲಿ ಎತ್ತಿ ಹಿಡಿದು, ಕೊಳವೆ ತಟ್ಟುವ ಸಾಯಬಣ್ಣನವರಿಗೆ ತಾವೇ ಇಟ್ಟ ಹೆಸರಿನಿಂದ ಕೂಗಿದರು: “ತಬಲಾ ಮಾಸ್ಟರ್, ನೋಡಿ ಮಾರಾಯ್ರೆ! ಎಲ್ಲರಿಗೂ ಪೇಡಾ ಉಂಟು!”

ಸಾಯಬಣ್ಣ ಬಾಟಲಿಯನ್ನು ಮೂಗಿನ ಹತ್ತಿರ ತಂದರು. ಎಣ್ಣೆಯ ವಾಸನೆಯ ಹಿಂದೆ ಇನ್ನೊಂದು ವಾಸನೆ ಇತ್ತು.

ಕೊಳವೆಗೆ ಜೋಡಿಸುವ ನಳಿಗೆಗಳನ್ನು ಎಣ್ಣೆ ಕರಗಿಸುವ ದ್ರಾವಕದಿಂದ ತೊಳೆದ ಮೇಲೆ ಎರಡು ಸಲ ಗಾಳಿ ಊದಬೇಕು. ಕೊನೆಯ ಪ್ರಯೋಗಕ್ಕೆ ಮುಂಚಿನ ಭಾನುವಾರ ಲೋಕಲ್‌ಗೆ ಮೆಗಾ ಬ್ಲಾಕ್, ಹಳಿ ದುರಸ್ತಿಗೆ ಓಡಾಟ ಬಂದ್. ರೈಲು ನಿಲ್ಲುವುದರೊಳಗೆ ಮನೆ ಸೇರುವ ಅವಸರದಲ್ಲಿ ಅವರು ಒಂದೇ ಸಲ ಊದಿದ್ದರು. ಬಾಗಿದ ನಳಿಗೆಯಲ್ಲಿ ನಾಲ್ಕು ಚಮಚೆ ದ್ರಾವಕ ಉಳಿದಿರಬೇಕು. ಎಣ್ಣೆಯನ್ನು ತೆಳ್ಳಗೆ ಮಾಡಿದ್ದು ಪುಡಿಯೊಂದೇ ಅಲ್ಲ.

ಬಾಟಲಿ ಮೂಸಿದ ಆ ಸಂಜೆ ಮಹಾದೇವಿಗೂ ಹೇಳಲಿಲ್ಲ. “ಬಾಯಿ ಮುಚ್ಚಿಕೊಂಡ್ರ ಎರಡು ವರ್ಷ ನೌಕರಿ ಇತ್ತು. ತೆರದ್ರ ಇಬ್ಬರದೂ ಹೋಗೋದು. ನಂದಲ್ದೆ ಆ ಹುಡುಗೀದೂ.”

ಮರುದಿನ ಬೆಳಿಗ್ಗೆ ಅವರು ನಮಿತಾ ಎದುರು ನಿಂತರು. “ಮೇಡಮ್, ನಿನ್ನಿ ಎಣ್ಣಿ ಖರೆ ಅಲ್ರಿ, ಅದರಾಗ ತೊಳಿಯೋ ದ್ರಾವಕ ಕೂಡ್ಯದ. ತಪ್ಪು ನಂದದ.”

“ಅಂಕಲ್, ಎಂತ ಹೇಳ್ತಿದ್ದೀರಿ? ಪಕ್ಕಾ?”

“ಮೂಗು ಸುಳ್ಳು ಹೇಳಂಗಿಲ್ರಿ.”

ನಮಿತಾ ಕಂಪ್ಯೂಟರ್ ಕಡೆ ತಿರುಗಿದರು. ಕಂಪ್ರೆಸರ್ ಒಂದು ಸುತ್ತು ಓಡಿ ತಾನಾಗಿ ನಿಂತಿತು. ಆಮೇಲೂ ಅವರು ಪರದೆಯ ಮೇಲಿನ ಮಂದತನದ ಅಂಕಿಯನ್ನೇ ನೋಡುತ್ತಿದ್ದರು. ಬೈದಿದ್ದರೆ ಹಗುರಾಗುತ್ತಿತ್ತು ಎನ್ನುತ್ತಾರೆ ಸಾಯಬಣ್ಣ. ಕೊನೆಗೆ ಆಕೆ ಅಂಕಿಯನ್ನು ಅಳಿಸಿ ಕೇಳಿದ್ದು ಇಷ್ಟೇ: “ಐದು ದಿನ ಉಂಟು. ಇನ್ನೊಂದು ಕೊಳವೆ ತುಂಬಿಸ್ತೀರಾ?”

ಐದನೆಯ ದಿನ ಎಣ್ಣೆ ಬಂತು. ಶೇಂಗಾ ಎಣ್ಣೆಯಂತಿರಲಿಲ್ಲ, ಮಂದತನ ಅರ್ಧಕ್ಕೆ ಇಳಿದಿತ್ತು. ನಮಿತಾ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿ ಆ ಅರ್ಧವನ್ನೇ ಕಂಪನಿಯ ಮುಂದಿಟ್ಟರು. ಎರಡು ವರ್ಷ ಸಿಗಲಿಲ್ಲ. ಆರು ತಿಂಗಳು ಸಿಕ್ಕಿತು.

ಅದು ಮುಗಿದ ಮೇಲೆ ಏನು ಎಂದು ಕೇಳಿದರೆ, ಸಾಯಬಣ್ಣ ಕೈ ಒರೆಸಿಕೊಳ್ಳುತ್ತಾರೆ.

“ಗೊತ್ತಿಲ್ರಿ. ಆದ್ರ ಈ ಅರ್ಧ ಅದ ನೋಡ್ರಿ, ಇದು ನಮ್ಮದು. ಯಾರರೆ ಬಂದು ಮತ್ತ ಅಳದು ನೋಡ್ಲಿ. ಅಷ್ಟೇ ಬರ್ತದ.”