ವಿಷಲ್ ಊದಿದ ಮೇಲಿನ ಏಟು: ವಕೀಲ ಕೈಸರ್ ಸಾಹೇಬರು ನಡೆಸಿದ ಒಂದು ಮೊಕದ್ದಮೆ

ಜಮೀನಿನ ಹದ್ದುಬಸ್ತಿನ ಸೂಕ್ಷ್ಮ ಬಲ್ಲವರು, ಪಾಲುವಿಭಾಗದ ಮರ್ಮ ಬಲ್ಲವರು, ಪಾಟಿ ಸವಾಲಿನಲ್ಲಿ ಸಾಕ್ಷಿಯ ಬೆವರಿಳಿಸುವವರು ಚಿತ್ರದುರ್ಗದ ವಕೀಲರಲ್ಲಿ ಅನೇಕರಿದ್ದಾರೆ. ಆದರೆ ಆಟದ ಅಂಕಣದಲ್ಲಿ ಹುಟ್ಟಿದ ತಕರಾರು ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಹಿರಿಯೂರಿನಿಂದ ಹೊಸದುರ್ಗದವರೆಗೆ ಜನ ನೆನೆಯುತ್ತಿದ್ದ ಹೆಸರು ಒಂದೇ: ಕೈಸರ್ ಸಾಹೇಬರು. ನಲವತ್ತಮೂರು ವರ್ಷಗಳ ವೃತ್ತಿಯ ನಂತರ, ಎಪ್ಪತ್ತು ತುಂಬಿದ ಈ ವರ್ಷ, ಅವರು ಕರಿಕೋಟನ್ನು ಕಳಚಿಟ್ಟಿದ್ದಾರೆ. ಅವರ ದೊಡ್ಡತನವನ್ನು ವಿಶೇಷಣಗಳಲ್ಲಿ ಹೇಳುವುದಕ್ಕಿಂತ ಒಂದು ಮೊಕದ್ದಮೆಯ ಕಥೆಯಲ್ಲಿ ಹೇಳುವುದೇ ಉಚಿತ. ಆ ಮೊಕದ್ದಮೆಯ ಆರೋಪಿಯಾಗಿದ್ದ ಎರ್ರಿಸ್ವಾಮಿಯವರು, "ಬರೀರಿ ಸರ್, ನನ್ನ ಹೆಸರು ಹಾಕೇ ಬರೀರಿ" ಎಂದು ಒಪ್ಪಿಗೆ ಕೊಟ್ಟ ಮೇಲೆಯೇ ಇದನ್ನು ಬರೆಯಲಾಗಿದೆ.

ಸಾಹೇಬರ ತಂದೆ ಕಲಂದರ್ ಅವರು ದುರ್ಗದ ಪೇಟೆಯಲ್ಲಿ ಹಾಸಿಗೆ ಹೊಲಿಯುತ್ತಿದ್ದವರು. ಮಗ ಓದಿನಲ್ಲಿ ಎಷ್ಟು ಮುಂದಿದ್ದನೋ ಕಬಡ್ಡಿಯಲ್ಲಿಯೂ ಅಷ್ಟೇ ಮುಂದಿದ್ದ. ಕಾಲೇಜು ತಂಡದಲ್ಲಿ ಮೂರು ವರ್ಷ ಮೂಲೆ ಕಾದು, ಎದುರಾಳಿಯ ಕಣಕಾಲು ಹಿಡಿಯುವುದರಲ್ಲಿ ಹೆಸರು ಮಾಡಿದ. ವಕೀಲರಾದ ಮೇಲೆ ಆಟ ನಿಂತಿತು, ಆಟಗಾರರ ಒಡನಾಟ ನಿಲ್ಲಲಿಲ್ಲ. ಹಾಗಾಗಿ ಹದಿನೈದು ವರ್ಷಗಳ ಹಿಂದೆ ಧರ್ಮಪುರದ ಎರ್ರಿಸ್ವಾಮಿಯ ಮೇಲೆ ಕೇಸು ದಾಖಲಾದಾಗ ಅವನ ಮನೆಯವರು ನೇರವಾಗಿ ಸಾಹೇಬರ ಕಚೇರಿಗೇ ಬಂದರು.

ಪ್ರಕರಣ ನೋಡುವುದಕ್ಕೆ ಸರಳವಾಗಿತ್ತು. ಧರ್ಮಪುರದ ಶಾಲಾ ಮೈದಾನದಲ್ಲಿ ನಡೆದ ಕಬಡ್ಡಿ ಪಂದ್ಯದಲ್ಲಿ ಹರಿಯಬ್ಬೆಯ ಗೊಲ್ಲಪ್ಪ ಎಂಬ ರೈಡರ್ ದಾಳಿಗೆ ಬಂದಾಗ ಸಿಕ್ಕಿಬಿದ್ದ; ಆ ತಳ್ಳಾಟದಲ್ಲಿ ಅವನ ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. ಎರ್ರಿಸ್ವಾಮಿ ಬೇಕೆಂದೇ ಮುರಿದನೆಂದು ಗೊಲ್ಲಪ್ಪನ ದೂರು. ಎರ್ರಿಸ್ವಾಮಿಯಾದರೋ ಆಗಷ್ಟೇ ಕ್ರೀಡಾ ಮೀಸಲಿನಲ್ಲಿ ಪೊಲೀಸ್ ಕೆಲಸಕ್ಕೆ ಆಯ್ಕೆಯಾಗಿ ಆದೇಶ ಕಾಯುತ್ತಿದ್ದ. ಶಿಕ್ಷೆಯಾದರೆ ಆ ಕೆಲಸ ಕೈಬಿಟ್ಟಂತೆಯೇ.

ಕಾನೂನು ಆಟಗಾರನ ಪರವಾಗಿ ಬಹಳ ಹಿಂದೆಯೇ ಒಂದು ಬಾಗಿಲು ತೆರೆದಿಟ್ಟಿದೆ. ಇಬ್ಬರು ಮನರಂಜನೆಗಾಗಿ ಕತ್ತಿವರಸೆ ಆಡಲು ಒಪ್ಪಿದರೆ, ಮೋಸವಿಲ್ಲದ ಆಟದಲ್ಲಿ ಆಗಬಹುದಾದ ನೋವಿಗೂ ಇಬ್ಬರೂ ಒಪ್ಪಿದಂತೆಯೇ ಎಂದು ದಂಡಸಂಹಿತೆಯೇ ಉದಾಹರಣೆ ಕೊಟ್ಟು ಹೇಳುತ್ತದೆ. ಕತ್ತಿವರಸೆಗೆ ಒಪ್ಪುವ ಮಾತು ಕಬಡ್ಡಿಗೂ ಒಪ್ಪುತ್ತದೆ. ಸಾಕ್ಷಿಗಳ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ರೆಫರಿಯಾಗಿದ್ದ ಮೇಷ್ಟ್ರು ತಮಗೇನೂ ಸ್ಪಷ್ಟವಾಗಿ ಕಾಣಲಿಲ್ಲ ಎಂದು ಜಾರಿಕೊಂಡಿದ್ದರು. ಗೆಲ್ಲುವುದಕ್ಕೆ ಇನ್ನೇನೂ ಬೇಕಿರಲಿಲ್ಲ.

ಆದರೆ ಸಾಹೇಬರಿಗೆ ಕಾಗದ ಓದಿದರೆ ಸಾಲದು, ಆಟ ಕಣ್ಣಿಗೆ ಕಟ್ಟಬೇಕು. ಕಚೇರಿಯ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ, ಸೀಮೆಸುಣ್ಣದಿಂದ ನೆಲದ ಮೇಲೆ ಅಂಕಣ ಬರೆದು, ತಾವೇ ಗೊಲ್ಲಪ್ಪನ ಜಾಗದಲ್ಲಿ ನಿಂತರು.

"ಇಲ್ಲಿ ನನ್ನ ಕಾಲು ಹಿಡಿದ್ರು. ಇಬ್ಬರು ಸೊಂಟಕ್ಕೆ ಬಿದ್ರು. ನಾನು ನೆಲಕ್ಕೆ ಬಂದೆ. ನೀನೆಲ್ಲಿದ್ದೆ?"

ಎರ್ರಿಸ್ವಾಮಿ ಮೂಲೆಯಲ್ಲಿ ನಿಂತು ತೋರಿಸಿದ. "ಇಲ್ಲಿದ್ದೆ ಸರ್. ಇಲ್ಲಿಂದ ಬಂದು ಮೇಲೆ ಬಿದ್ದೆ."

"ಅಷ್ಟರಲ್ಲಿ ನಾನು ಸಿಕ್ಕಾಗೈತಲ್ಲಪ್ಪ. ನೀನ್ಯಾಕೆ ಬಂದೆ?"

ಹುಡುಗ ನೆಲದ ಸುಣ್ಣದ ಗೆರೆಯನ್ನು ಕಾಲ್ಬೆರಳಿನಿಂದ ಉಜ್ಜಿದ.

"ವಿಷಲ್ ಕೇಳಿಸ್ತಾ?"

ಅವನು, "ಕೇಳಿಸ್ತು ಸರ್," ಎಂದ. "ಹಿಂದಿನ ರೈಡಲ್ಲಿ ನನ್ನ ಮುಟ್ಟಿ, ನಕ್ಕಂಡು ಹೋಗಿದ್ದ. ಸಿಟ್ಟು ತಡೀಲಿಲ್ಲ. ಅವನ ಕಾಲ ಮೇಲೆ ಮಂಡಿ ಊರಿದೆ."

ಸಾಹೇಬರು ನೆಲದಿಂದೆದ್ದು ಪ್ಯಾಂಟಿನ ಸುಣ್ಣ ಕೊಡವಿಕೊಂಡರು. ಅವರಿಗೆ ಸಂಕಟವಾಯಿತು. ಕಕ್ಷಿದಾರ ನಂಬಿ ಹೇಳಿದ ಮಾತನ್ನು ವಕೀಲ ಹೊರಗೆ ಆಡುವಂತಿಲ್ಲ, ಆಡುವವರೂ ಅವರಲ್ಲ. ಹಾಗೆಂದು, ಗೊತ್ತಿದ್ದೂ ಅದು ಆಟದೊಳಗಿನ ನೋವೆಂದು ನ್ಯಾಯಾಧೀಶರ ಮುಂದೆ ವಾದಿಸಲು ಅವರ ನಾಲಿಗೆ ಏಳುವಂತಿರಲಿಲ್ಲ. ಆಟಕ್ಕೆ ಕಾನೂನು ಕೊಟ್ಟ ರಕ್ಷಣೆ ವಿಷಲ್ ಊದುವ ತನಕ ಮಾತ್ರ ಎಂದು ಅವರು ಎಷ್ಟೋ ಮಕ್ಕಳಿಗೆ ಹೇಳಿಕೊಟ್ಟಿದ್ದರು.

"ನೋಡು ಎರ್ರಿಸ್ವಾಮಿ, ಕೇಸು ಗೆಲ್ಲಬೋದು. ಬ್ಯಾರೆ ಯಾರಾದ್ರೂ ಗೆಲ್ಲಿಸಿಕೊಡ್ತಾರೆ, ಅದು ತಪ್ಪೂ ಅಲ್ಲ. ಆದ್ರೆ ಆಟದಾಗೆ ಆತು ಅನ್ನೋ ಮಾತು ನನ್ನ ಬಾಯಾಗೆ ಬರಲ್ಲ. ಗೊಲ್ಲಪ್ಪನ ಮನೆಗೆ ಹೋಗಾಣ ಅಂದ್ರೆ ಬರ್ತೀನಿ. ಇಲ್ಲಾಂದ್ರೆ ಫೈಲು ತಗಂಡು ಹೋಗು. ನೀನು ಹೇಳಿದ್ದು ಇಲ್ಲೇ ಇರ್ತೈತೆ."

ಎರ್ರಿಸ್ವಾಮಿ ಫೈಲು ತೆಗೆದುಕೊಂಡು ಹೋದ. ಆ ಸಂಜೆ ಸಾಹೇಬರು ಮನೆಯಲ್ಲಿ ಸರಿಯಾಗಿ ಊಟ ಮಾಡಲಿಲ್ಲವೆಂದು ಅವರ ಪತ್ನಿ ನೂರೀನ್ ಅವರು ಇಂದಿಗೂ ನೆನೆಯುತ್ತಾರೆ. ಒಬ್ಬ ಬಡ ಹುಡುಗನ ಕೆಲಸಕ್ಕೆ ತಮ್ಮ ಮಡಿವಂತಿಕೆಯೇ ಅಡ್ಡ ಬಂತೇನೋ ಎಂಬ ಚಿಂತೆ ಸಾಹೇಬರನ್ನು ಕಾಡಿತ್ತು.

ಹನ್ನೊಂದನೆಯ ದಿನ ಎರ್ರಿಸ್ವಾಮಿ ಅದೇ ಫೈಲು ಹಿಡಿದು ಮರಳಿ ಬಂದ. "ಪ್ರಾಕ್ಟೀಸಿಗೆ ಇಳಿದ್ರೆ ಆಗ್ತಿಲ್ಲ ಸರ್. ಯಾರದೇ ಕಾಲು ಹಿಡಿದ್ರೂ ಕೈ ತಾನಾಗೇ ಬಿಟ್ಬಿಡ್ತೈತೆ. ಹೋಗಾಣ ನಡೀರಿ."

ಇಬ್ಬರೂ ಬಸ್ಸಿನಲ್ಲಿ ಹರಿಯಬ್ಬೆಗೆ ಹೋದರು. ಗೊಲ್ಲಪ್ಪನ ತಾಯಿ ಮಲ್ಲಕ್ಕ ಜಗುಲಿಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಸಾಹೇಬರನ್ನು ಕಂಡು, "ಕುಂತ್ಕಳ್ರಿ" ಎಂದು ಚಾಪೆ ಹಾಸಿದರು. ಹುಡುಗನ ಕಡೆ ನೋಡಲಿಲ್ಲ.

"ಕಾಲು ಮುರಿದಿದ್ದು ದೊಡ್ಡದಲ್ಲ ಸ್ವಾಮಿ," ಎಂದರು ಮಲ್ಲಕ್ಕ. "ಆಡಾಕೆ ಬರದಿದ್ರೂ ಆಡಾಕೋಗಿ ತಾನೇ ಬಿದ್ದ ಅಂತ ಎರಡೂರ ಜನ ಆಡ್ಕಂತಾರೆ. ನನ್ನ ಮಗ ಮನೆ ಬಿಟ್ಟು ಹೊರಗೆ ಬರಲ್ಲ."

ಒಳಗಿನಿಂದ ಗೊಲ್ಲಪ್ಪ ಊರುಗೋಲಿನ ಮೇಲೆ ಬಂದು ಬಾಗಿಲಲ್ಲಿ ನಿಂತ. ಎರ್ರಿಸ್ವಾಮಿ ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದ. ಗೊಲ್ಲಪ್ಪ ಕೇಳಿಸಿಕೊಂಡು, "ಇಲ್ಲಿ ಹೇಳಿದ್ರೆ ಏನು ಬಂತು? ನಮ್ಮವ್ವನಿಗೆ ಮೊದ್ಲೇ ಗೊತ್ತೈತೆ. ಗ್ರೌಂಡಲ್ಲಿ ಹೇಳು. ಅಲ್ಲಿ ಹೇಳಿದ್ರೆ ರಾಜಿಗೆ ಸಹಿ ಹಾಕ್ತೀನಿ," ಎಂದ.

ಹಿಂತಿರುಗುವ ದಾರಿಯಲ್ಲಿ ಸಾಹೇಬರು ಕಕ್ಷಿದಾರನಿಗೆ ಇದ್ದದ್ದನ್ನು ಇದ್ದಂತೆ ಹೇಳಿದರು. ಜನರ ಮುಂದೆ ಒಪ್ಪಿಕೊಂಡ ಮೇಲೆ ಗೊಲ್ಲಪ್ಪ ಮಾತು ಬದಲಿಸಿದರೆ, ಅಥವಾ ನ್ಯಾಯಾಲಯ ರಾಜಿಗೆ ಅನುಮತಿ ಕೊಡದಿದ್ದರೆ, ಆ ಒಪ್ಪಿಗೆಯೇ ಅವನಿಗೆ ಉರುಳಾಗಬಹುದಿತ್ತು.

"ವಕೀಲನಾಗಿ ಹೇಳಬ್ಯಾಡ ಅನ್ನೋದು ನನ್ನ ಧರ್ಮ. ಅಂದಿದ್ದೀನಿ."

"ನನ್ನ ಜಾಗದಾಗೆ ನೀವಿದ್ದಿದ್ರೆ ಸರ್?"

ಸಾಹೇಬರು ಕಿಟಕಿಯಾಚೆ ನೋಡುತ್ತ, "ಹೇಳ್ತಿದ್ದೆ," ಎಂದರು.

ಮುಂದಿನ ಭಾನುವಾರ ಧರ್ಮಪುರದ ಮೈದಾನದಲ್ಲಿ, ಎರಡೂ ತಂಡಗಳು ಮತ್ತು ನೂರಾರು ಜನರ ಎದುರು ಎರ್ರಿಸ್ವಾಮಿ ಅಂಕಣದ ಆ ಮೂಲೆಯಲ್ಲೇ ನಿಂತು ಮೂರು ಮಾತು ಹೇಳಿದ: "ಗೊಲ್ಲಪ್ಪ ತಾನಾಗಿ ಬೀಳಲಿಲ್ಲ. ವಿಷಲ್ ಆದ ಮೇಲೆ ನಾನು ಮಂಡಿ ಊರಿದೆ. ಅವನು ಚೆಂದಾಗೇ ಆಡ್ತಿದ್ದ." ಅಂದು ರೆಫರಿಯಾಗಿದ್ದ ಮೇಷ್ಟ್ರು ಮುಂದೆ ಬಂದು, ತಮಗೂ ಅದು ಕಂಡಿತ್ತೆಂದು ಮೆಲ್ಲಗೆ ಒಪ್ಪಿಕೊಂಡರು. ಗೊಲ್ಲಪ್ಪ ಊರುಗೋಲನ್ನು ತಾಯಿಯ ಕೈಗೆ ಕೊಟ್ಟು, ಕುಂಟುತ್ತಲೇ ಅಂಕಣದೊಳಕ್ಕೆ ಬಂದು ಕೈ ನೀಡಿದ.

ಹಿರಿಯೂರಿನ ನ್ಯಾಯಾಲಯದಲ್ಲಿ ಮ್ಯಾಜಿಸ್ಟ್ರೇಟರು, ಯಾರಾದರೂ ಹೆದರಿಸಿ ರಾಜಿ ಮಾಡಿಸಿದರೇ ಎಂದು ಗೊಲ್ಲಪ್ಪನನ್ನು ಎರಡು ಸಲ ಕೇಳಿದರು. "ಇಲ್ಲ ಸ್ವಾಮಿ, ನನಗೆ ಬೇಕಾಗಿದ್ದು ಸಿಕ್ಕೈತೆ," ಎಂದ ಗೊಲ್ಲಪ್ಪ. ಅನುಮತಿ ದೊರೆಯಿತು, ಪ್ರಕರಣ ಮುಗಿಯಿತು. ಎರ್ರಿಸ್ವಾಮಿಯವರು ಇಂದು ಪೊಲೀಸ್ ಇಲಾಖೆಯಲ್ಲಿದ್ದಾರೆ. ಗೊಲ್ಲಪ್ಪನವರ ಕಾಲು ಕೂಡಿತಾದರೂ ಮೊದಲಿನ ಚುರುಕು ಬರಲಿಲ್ಲ. ಸಾಹೇಬರು ಅವರನ್ನು ಅಷ್ಟಕ್ಕೇ ಬಿಡಲಿಲ್ಲ. ನಿಯಮದ ಪುಸ್ತಕವನ್ನು ವಾರವಾರವೂ ಕೂರಿಸಿಕೊಂಡು ಓದಿಸಿ, ರೆಫರಿ ಪರೀಕ್ಷೆಗೆ ಕಟ್ಟಿಸಿದರು. ಹೊಳಲ್ಕೆರೆ, ಹೊಸದುರ್ಗಗಳ ಪಂದ್ಯಾವಳಿಗಳಲ್ಲಿ ಇಂದು ಗೊಲ್ಲಪ್ಪನವರ ತೀರ್ಪೆಂದರೆ ಎದುರು ಮಾತಿಲ್ಲ.

ಸಾಹೇಬರು ಎಲ್ಲ ತಕರಾರನ್ನೂ ಕೋರ್ಟಿಗೆ ಒಯ್ದವರಲ್ಲ. ಆರು ವರ್ಷಗಳ ಹಿಂದೆ ತಾಳ್ಯದ ಬೃಂದಾ ಎಂಬ ಬಾಲಕಿಯ ಹೆಸರನ್ನು ಖೋ-ಖೋ ತಂಡದ ಪಟ್ಟಿಯಿಂದ ಕಾರಣ ಹೇಳದೆ ತೆಗೆದುಹಾಕಿದಾಗ ಅವರು ಆಯ್ಕೆಗಾರರಿಗೆ ಒಂದು ಪುಟದ ಕಾಗದ ಬರೆದರು ಅಷ್ಟೇ. ಯಾರು ಚೆನ್ನಾಗಿ ಓಡುತ್ತಾರೆಂದು ಹೇಳುವುದು ನ್ಯಾಯಾಲಯದ ಕೆಲಸವಲ್ಲ, ಆದರೆ ಓಡಿಸಿ ನೋಡದೆ ಹೊರಗಿಡುವುದನ್ನು ನ್ಯಾಯಾಲಯ ಒಪ್ಪುವುದಿಲ್ಲ ಎಂಬುದು ಅದರ ಸಾರಾಂಶ. ಆಯ್ಕೆ ಮತ್ತೆ ನಡೆಯಿತು, ಬೃಂದಾ ಆಯ್ಕೆಯಾಗಲಿಲ್ಲ. ಆದರೂ ಆಕೆ ಕಚೇರಿಗೆ ಬಂದು, "ಓಡಿ ಸೋತೆ ಸರ್, ಬೇಜಾರಿಲ್ಲ" ಎಂದು ಪೇಡ ಕೊಟ್ಟು ಹೋದಳು. ತಾವು ಗೆದ್ದ ದೊಡ್ಡ ದೊಡ್ಡ ಅಪೀಲುಗಳಿಗಿಂತ ಆ ಪೇಡದ ರುಚಿ ಹೆಚ್ಚಿನದೆಂದು ಸಾಹೇಬರು ಹೇಳುವುದುಂಟು.

ನಿವೃತ್ತಿಯೆಂಬ ಪದ ಅವರಿಗೆ ಎಷ್ಟರಮಟ್ಟಿಗೆ ಹೊಂದುತ್ತದೆಯೋ ತಿಳಿಯದು. ಜಿಲ್ಲೆಯ ಕ್ರೀಡಾಪಟುಗಳ ದೂರುಗಳನ್ನು ಆಲಿಸುವ ಸಮಿತಿಗೆ ಅಧ್ಯಕ್ಷರಾಗಬೇಕೆಂದು ಗೆಳೆಯರು ಕೇಳಿಕೊಂಡಾಗ ಅವರು ಒಂದೇ ಷರತ್ತು ಹಾಕಿದರು: ಕೊಠಡಿ ಬೇಡ, ಮೈದಾನದ ಅಂಚಿನ ಬೇವಿನ ಮರದ ಕೆಳಗೊಂದು ಬೆಂಚು ಸಾಕು. ಬೆಂಚು ಬಂದಿದೆ, ಪ್ರತಿ ಶನಿವಾರ ಬೆಳಿಗ್ಗೆ ಸಾಹೇಬರೂ ಅಲ್ಲಿರುತ್ತಾರೆ. ಆ ನೆರಳಿನಲ್ಲಿ ಅವರು ಆರೋಗ್ಯದಿಂದ, ನೂರೀನ್ ಅಮ್ಮನವರ ಜೊತೆ ನಗುನಗುತ್ತ, ನೂರು ವರ್ಷ ದಾಟಲಿ. ಅವರ ಮುಂದೆ ಬಂದು ನಿಲ್ಲುವ ದೂರುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಲಿ. ಕೊನೆಗೊಂದು ಶನಿವಾರ ದೂರು ಹೇಳುವವರೇ ಬಾರದೆ, ಅವರು ಸುಮ್ಮನೆ ಕುಳಿತು ಮಕ್ಕಳ ಆಟ ನೋಡುವಂತಾಗಲಿ.