ಎರಡು ಸಲ ಸೀಟಿ ಊದಿದ ದೇವಕ್ಕ

ದೇವಕ್ಕನನ್ನು ಕೆಲಸದಿಂದ ತೆಗೆದ ದಿನ ಡೇಕೇರಿನ ಸಭೆಯಲ್ಲಿ ನೆಲ ನೋಡುತ್ತಾ ಕುಳಿತಿದ್ದ ಅಪ್ಪ ಅಮ್ಮಂದಿರು ಇದನ್ನು ಓದಬೇಕು. ಓದಿ ಸಿಟ್ಟು ಬಂದರೆ ಬರಲಿ. ನನ್ನದು ಇನ್ನೂ ಇಳಿದಿಲ್ಲ.

ದೇವಕ್ಕ ಯಾದಗಿರಿ ಕಡೆಯವಳು. ಗಂಡ ಯಮನೂರ ಕಟ್ಟಡದ ಕೆಲಸಕ್ಕೆಂದು ಬಂದಾಗ ತಾನೂ ಬಂದು, ಜಿಗಣಿಯಲ್ಲಿ ಪಿಳ್ಳಮ್ಮ ಎಂಬವರ ವಠಾರದ ಶೀಟಿನ ಮನೆಯಲ್ಲಿ ಬಾಡಿಗೆಗೆ ಇದ್ದಾಳೆ. ಮೊದಲು ಅವಳೂ ಇಟ್ಟಿಗೆ ಹೊತ್ತಳು. ಸೊಂಟ ಹಿಡಿದುಕೊಂಡ ಮೇಲೆ ನಮ್ಮ ಡೇಕೇರಿಗೆ ಆಯಾ ಆಗಿ ಸೇರಿದಳು. ಎರಡು ವರ್ಷದ ನನ್ನ ಮಗಳು ಇಂಚರ ಅಲ್ಲಿ ಅವಳ ತೊಡೆ ಬಿಟ್ಟು ಬೇರೆಲ್ಲೂ ನಿದ್ದೆ ಮಾಡುತ್ತಿರಲಿಲ್ಲ.

ನಾನು ಆಫೀಸಿನಿಂದ ಪದೇ ಪದೇ ಫೋನ್ ಮಾಡಿ ಪೀಡಿಸುವ ತಾಯಿ. ಉಂಡಳಾ, ಬೆವರಿದಳಾ, ಕೆಮ್ಮಿದಳಾ? ಒಮ್ಮೆ ದೇವಕ್ಕ ನಕ್ಕುಬಿಟ್ಟಳು. "ನಿಮ್ಮ ಮಗಳು ಆರಾಮ ಅದಾಳ್ರಿ. ನಿಮಗ ಆರಾಮಿಲ್ಲ ನೋಡ್ರಿ, ದವಾಖಾನಿಗೆ ತೋರಸ್ರಿ!" ನಾವು ಹುಷಾರಿಲ್ಲ ಎನ್ನುವುದಕ್ಕೆ ಅವರ ಕಡೆ ಆರಾಮಿಲ್ಲ ಎನ್ನುತ್ತಾರೆಂದು ನಾನು ಕಲಿತದ್ದು ಹಾಗೆ.

ಅವಳಿಗೊಂದು ಹುಚ್ಚಿತ್ತು. ಸಂಜೆಯ ಧಾರಾವಾಹಿಯಲ್ಲಿ ಬರುವ ಬಸ್ ಕಂಡಕ್ಟರ್ ಸರಸಕ್ಕ. ವಠಾರದಲ್ಲಿ ಇದ್ದದ್ದು ಪಿಳ್ಳಮ್ಮನವರ ಟಿವಿಯೊಂದೇ. "ಬಾರಮ್ಮಿ, ನಿನ್ ಕಂಡಕ್ಟ್ರು ಬಂದ್ಲು! ಇಂಗೇ ಅಡುಗೆ ಮಾಡ್ತಾ ಕೂತ್ರೆ ಬಸ್ ಹೊಂಟೋಗ್ತದೆ," ಎಂದು ಅವರು ಕೂಗಿದರೆ ದೇವಕ್ಕ ರೊಟ್ಟಿ ಹೆಂಚಿನ ಮೇಲೇ ಬಿಟ್ಟು ಓಡುತ್ತಿದ್ದಳಂತೆ. ಸರಸಕ್ಕನ ನೀತಿಗಳೆಲ್ಲ ಅವಳಿಗೆ ಬಾಯಿಪಾಠ. ನಿಲ್ಲಿಸು ಎಂದು ಎರಡು ಸಲ ಸೀಟಿ ಊದು. ಡ್ರೈವರ್ ಆಗಲೂ ನಿಲ್ಲಿಸದಿದ್ದರೆ ನೀನೇ ಮುಂದೆ ಹೋಗಿ ನಿಲ್ಲಿಸು. ಕೊಟ್ಟ ಟಿಕೆಟ್ ಕೊಟ್ಟಿಲ್ಲ ಅನ್ನಬೇಡ, ಕೊಡದ್ದು ಕೊಟ್ಟೆ ಅನ್ನಬೇಡ. ಬಿಸ್ಕತ್ತಿಗೆ ಕಿತ್ತಾಡುವ ಮಕ್ಕಳಿಗೂ ಅವಳು ಇದನ್ನೇ ಹೇಳುತ್ತಿದ್ದಳು. ನನಗೆ ನಗು ಬರುತ್ತಿತ್ತು.

ಆ ಮಂಗಳವಾರ ಮಧ್ಯಾಹ್ನ ಇಂಚರಾಳ ಮೈ ಕಾಯತೊಡಗಿತು. ನಡೆದದ್ದನ್ನು ಆಮೇಲೆ ಹೇಳಿದವಳು ಜೊತೆಯ ಆಯಾ ಶಿವಗಂಗಾ. ದೇವಕ್ಕ ಮ್ಯಾನೇಜರ್ ಜ್ಯೋತಿಲಕ್ಷ್ಮಿಯ ಕೋಣೆಗೆ ಹೋಗಿ, "ಮೇಡಂ, ಇಂಚರಾಗ ಆರಾಮಿಲ್ರಿ," ಎಂದಳು.

"ಆರಾಮಿಲ್ಲ ಅಂದ್ರೆ ಎತ್ಕೊಂಡು ಓಡಾಡ್ಸು. ಅದಕ್ಕೂ ನಾನೇ ಬರ್ಬೇಕಾ?"

ಸ್ವಲ್ಪ ಹೊತ್ತಿಗೆ ಮತ್ತೆ ಹೋದಳು. "ಕೂಸಿಗೆ ಭಾಳ ಆರಾಮಿಲ್ರಿ ಮೇಡಂ."

"ನಿಂದೊಂದು ರಾಗ! ಸೆಕೆಗೆ ಕಿರಿಕಿರಿ ಮಾಡ್ತಿರ್ಬೇಕು. ಎಸಿ ಜಾಸ್ತಿ ಮಾಡು, ಹೋಗು."

ಅದೇ ಹೊತ್ತಿಗೆ ನಾನು ಫೋನ್ ಮಾಡಿದ್ದೆ. "ಸ್ವಲ್ಪ ರೆಸ್ಟ್‌ಲೆಸ್ ಅಷ್ಟೇ ಮೇಡಂ, ನೀವು ಟೆನ್ಷನ್ ತಗೋಬೇಡಿ," ಎಂದರು ಜ್ಯೋತಿಲಕ್ಷ್ಮಿ. ಆಯಾಗಳ ಫೋನೆಲ್ಲ ಬೆಳಿಗ್ಗೆಯೇ ಅವರ ಬೀರು ಸೇರಿರುತ್ತದೆ. ದೇವಕ್ಕ ಮಗುವನ್ನು ಸೆರಗಿನಲ್ಲಿ ಸುತ್ತಿ, ಮಗುವಿನ ಚೀಲ ಹೆಗಲಿಗೆ ಹಾಕಿಕೊಂಡು, ಸೆಕ್ಯೂರಿಟಿಯವನನ್ನು ತಳ್ಳಿ ಗೇಟು ದಾಟಿದಳು. ಚೀಲದ ಮೇಲಿದ್ದ ನನ್ನ ನಂಬರಿಗೆ ಎದುರಿನ ಕ್ಲಿನಿಕ್ಕಿನವರು ಫೋನ್ ಮಾಡಿದರು. ನಾನು ಓಡಿ ಬಂದಾಗ ಡಾಕ್ಟರು ಮಗುವಿನ ಮೈ ಒರೆಸುತ್ತಿದ್ದರು. ಇನ್ನೂ ತಡವಾಗಿದ್ದರೆ ಫಿಟ್ಸ್ ಬರುವ ಸಾಧ್ಯತೆ ಇತ್ತು ಎಂದರು.

ಶನಿವಾರ ಪೋಷಕರ ಸಭೆ. ಜ್ಯೋತಿಲಕ್ಷ್ಮಿ ಎದ್ದು ನಿಂತು, "ಮಗುಗೆ ಹುಷಾರಿಲ್ಲ ಅಂತ ಇವಳು ನಂಗೆ ಹೇಳೇ ಇಲ್ಲ. ಹೇಳ್ದೆ ಕೇಳ್ದೆ ಮಗು ಎತ್ಕೊಂಡು ರೋಡಿಗೆ ಹೋಗಿದ್ದಾಳೆ. ನಿಮ್ಮ ಮಕ್ಕಳ ಸೇಫ್ಟಿ ಪ್ರಶ್ನೆ ಇದು," ಎಂದರು.

ನಾನು ಎದ್ದೆ. ಆರಾಮಿಲ್ಲ ಎಂದರೆ ಹುಷಾರಿಲ್ಲ ಎಂದೇ ಅರ್ಥವೆಂದು, ಅವಳು ಎರಡು ಸಲ ಹೇಳಿದ್ದಾಳೆಂದು ಹೇಳಿದೆ.

"ಅದೆಲ್ಲ ನಂಗೆ ಹೇಗೆ ಗೊತ್ತಾಗ್ಬೇಕು ಯಮುನಾ ಮೇಡಂ? ಕನ್ನಡದಲ್ಲಿ ಹೇಳ್ಬೇಕಿತ್ತು ತಾನೆ?"

ಒಂದಿಬ್ಬರು ನಕ್ಕರು. ಕನ್ನಡದಲ್ಲಿ! ಅವಳು ಇನ್ನಾವ ಭಾಷೆಯಲ್ಲಿ ಹೇಳಿದ್ದಳು?

ಆಮೇಲೆ ಜ್ಯೋತಿಲಕ್ಷ್ಮಿ ಉದಾರವಾಗಿ ದೇವಕ್ಕನ ಕಡೆ ತಿರುಗಿದರು. "ನೋಡು, ನಾನು ಹೇಳಿರ್ಲಿಲ್ಲ, ತಪ್ಪಾಯ್ತು ಅಂತ ಎಲ್ಲರ ಮುಂದೆ ಅಂದ್ಬಿಡು. ಸೋಮವಾರದಿಂದ ಕೆಲಸಕ್ಕೆ ಬಾ. ಇಲ್ಲಾಂದ್ರೆ ಇವತ್ತೇ ಕೊನೆ."

ಮಗಳನ್ನು ಬೇರೆ ಯಾರ ಕೈಗೆ ಕೊಡಲಿ ಎಂಬ ಭಯಕ್ಕೆ ನಾನೇ ಪಿಸುಗುಟ್ಟಿದೆ: "ಅಂದುಬಿಡು ದೇವಕ್ಕ."

ಅವಳು ನನ್ನತ್ತ ನೋಡಲಿಲ್ಲ. "ಗೇಟ್ ದಾಟಿದ್ದು ತಪ್ಪ ಅನ್ರಿ, ಒಪ್ಪತೀನಿ. ಕೈ ಮುಗೀತೀನಿ. ಹೇಳಿಲ್ಲ ಅಂತ ಹೆಂಗ ಅನ್ಲಿ? ಎರಡ ಸರ್ತಿ ಹೇಳೀನ್ರಿ."

"ಏನಿದು, ನಿನ್ನ ಸರಸಕ್ಕನ ಡೈಲಾಗಾ?" ಎಂದರು ಜ್ಯೋತಿಲಕ್ಷ್ಮಿ.

"ಹೌದ್ರಿ. ಅಕಿಗೆ ಯಾರೋ ಬರದ ಕೊಡ್ತಾರ, ಅಕಿ ಅಂತಾಳ. ನನಗ ಯಾರೂ ಬರದ ಕೊಟ್ಟಿಲ್ರಿ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿ ಹೊರಟಳು. ನಾನು ಇಂಚರಾಳನ್ನು ಎತ್ತಿಕೊಂಡು ಹಿಂದೆಯೇ ನಡೆದೆ.

ಆ ಧಾರಾವಾಹಿ ಬರೆಯುವವರ ಮೇಲೂ ನನಗೆ ಸಿಟ್ಟಿದೆ. ಸರಸಕ್ಕ ಸಸ್ಪೆಂಡ್ ಆದರೆ ಮುಂದಿನ ವಾರ ಡಿಪೋ ಮ್ಯಾನೇಜರೇ ಹೂವಿನ ಹಾರ ತರುತ್ತಾನೆ. ದೇವಕ್ಕ ಈಗ ಜಿಗಣಿಯ ಒಂದು ಶೆಡ್ಡಿನಲ್ಲಿ ದಿನವಿಡೀ ನಿಂತು ಪ್ಲಾಸ್ಟಿಕ್ ಮುಚ್ಚಳ ಪ್ಯಾಕ್ ಮಾಡುತ್ತಾಳೆ, ಅದೇ ಸೊಂಟ ಇಟ್ಟುಕೊಂಡು. ಇಂಥ ನೀತಿ ಯಾಕೆ ಕಲಿತೆ ಎಂದು ಅವಳನ್ನೇ ಬೈದುಬಿಟ್ಟೆ. "ಕಲೀದಿದ್ರ ನಿಮ್ಮ ಕೂಸಿನ ಗತಿ ಏನಿತ್ರಿ?" ಎಂದಳು. ಅದಕ್ಕೂ ಸಿಟ್ಟು ಬಂತು.

ನಾನು ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲಿ ಕುಳಿತಿದ್ದೇನೆ. ಸಭೆಯಲ್ಲಿ ಸುಮ್ಮನಿದ್ದ ಅಮ್ಮಂದಿರು ಈಗ ಪೋಷಕರ ಗುಂಪಿನಲ್ಲಲ್ಲ, ಬೇರೆಬೇರೆಯಾಗಿ ಮೆಸೇಜ್ ಮಾಡುತ್ತಾರೆ. "ನೀವು ಹೇಳಿದ್ದೇ ಸರಿ ಯಮುನಾ, ಆದ್ರೆ ನಮ್ಮ ಪಾಪು ಅಲ್ಲೇ ಇರ್ಬೇಕಲ್ವಾ." ಎಲ್ಲವನ್ನೂ ಓದಿದ್ದೇನೆ. ಒಂದಕ್ಕೂ ಉತ್ತರ ಬರೆದಿಲ್ಲ, ಬರೆಯುವುದೂ ಇಲ್ಲ.